ಕಟ್ಟ ಒಡೆಯುವ ಮುನ್ನ: ರಕ್ತಸ್ರಾವಕ್ಕೊಂದು ಮದ್ದು, ಮೂರು ಗಂಟೆಯ ಗಡುವು



ಅಡಿಕೆಗೆ ಬೋರ್ಡೊ ಮದ್ದು ಬಿಡುವ ಕಾಲ ಹತ್ತಿರ ಬಂದಿದೆ. ಆದುದರಿಂದ ಈ ಸಲ ಕೊಳೆರೋಗದ ಬದಲು, ಮರದಿಂದ ಬಿದ್ದವನ ವಿಷಯ ಬರೆಯುತ್ತೇನೆ. ಜೊತೆಗೆ ಹೆರಿಗೆ ಕೋಣೆಯಲ್ಲಿರುವ ತಾಯಿಯ ವಿಷಯವನ್ನೂ ಬರೆಯುತ್ತೇನೆ. ಇವೆರಡಕ್ಕೆ ಏನು ಸಂಬಂಧ ಎಂದು ನೀವು ಕೇಳಬಹುದು. ಇಬ್ಬರ ಪ್ರಾಣವನ್ನೂ ತೆಗೆಯುವುದು ಒಂದೇ ಶತ್ರು, ಅದು ನಿಲ್ಲದ ರಕ್ತಸ್ರಾವ. ಇಬ್ಬರನ್ನೂ ಉಳಿಸಬಲ್ಲ ಮದ್ದೊಂದು ಇದೆ. ಅದಕ್ಕೆ ಹಣ ಹೆಚ್ಚು ಬೇಡ, ಸಮಯಕ್ಕೆ ಸರಿಯಾಗಿ ಸಿಗಬೇಕು, ಅಷ್ಟೆ.

ನಾನು ಗುರುಪಟ್ಟ ಪಡೆದ ಹೊಸತು. ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ದಿನ ಬೆಳಿಗ್ಗೆ ಮನೆಭೇಟಿಗೆ ಹೋದಾಗ ಅಡಿಕೆ ಮರದಿಂದ ಬಿದ್ದ ಯುವಕನೊಬ್ಬ ಜಗಲಿಯಲ್ಲಿ ಕುಳಿತಿದ್ದ. ಮೈಮೇಲೆ ಗಾಯವಿರಲಿಲ್ಲ. ಮಾತನಾಡುತ್ತಿದ್ದ, ಕಾಫಿಯನ್ನೂ ಕುಡಿದಿದ್ದ. "ಏನೂ ಆಗಲಿಲ್ಲ ಫಾದರ್, ಹೊಟ್ಟೆ ಸ್ವಲ್ಪ ಹಿಡಿದ ಹಾಗೆ" ಎಂದ. "ಇವತ್ತು ವಿಶ್ರಾಂತಿ ತೆಗೆದುಕೋ, ನಾಳೆ ನೋಡೋಣ" ಎಂದು ಹೇಳಿ ನಾನು ಮುಂದಿನ ಮನೆಗೆ ಹೋದೆ. ಸಂಜೆ ಆತನ ಮೈ ತಣ್ಣಗಾಯಿತು. ಜೀಪು ಹುಡುಕಿ ಆಸ್ಪತ್ರೆ ಮುಟ್ಟುವಾಗ ಪ್ರಾಣ ಹೋಗಿತ್ತು. ಹೊಟ್ಟೆಯ ಒಳಗೇ ರಕ್ತ ಸೋರಿತ್ತು. ಆತನ ಅಂತ್ಯಕ್ರಿಯೆಯನ್ನು ನಾನೇ ನಡೆಸಿದೆ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ "ನಾಳೆ ನೋಡೋಣ" ಎಂಬ ನನ್ನ ಮಾತನ್ನು ನಾನು ಮರೆತಿಲ್ಲ. ಈ ಪಾಠ ಬರೆಯಲು ಅದೂ ಒಂದು ಕಾರಣ.

ರಕ್ತ ಹೆಪ್ಪುಗಟ್ಟುವುದು ಹೇಗೆ?

ಮಳೆಗಾಲ ಮುಗಿದು ತೋಡಿನ ನೀರು ಇಳಿಯುತ್ತಲೇ ನಮ್ಮ ಹಿರಿಯರು ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದರು. ಕೆಲವೆಡೆ ಈಗಲೂ ಕಟ್ಟುತ್ತಾರೆ. ರಕ್ತನಾಳ ಹರಿದಾಗ ನಮ್ಮ ದೇಹವೂ ಇಂಥದೇ ಕಟ್ಟ ಕಟ್ಟುತ್ತದೆ. ಫೈಬ್ರಿನ್ ಎಂಬ ನಾರಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪಾಗಿ, ತೂತು ಮುಚ್ಚುತ್ತದೆ.

ಗಾಯ ಮಾಗಿದ ಮೇಲೆ ಈ ಹೆಪ್ಪು ಕರಗಲೇಬೇಕು. ಅದಕ್ಕಾಗಿ ದೇಹದಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವವಿದೆ. ಆದರೆ ದೊಡ್ಡ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಹೆರಿಗೆಯಾದ ಕೂಡಲೇ, ಈ ಪ್ಲಾಸ್ಮಿನ್ ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಶುರುಮಾಡುತ್ತದೆ. ಹೊಸ ಕಟ್ಟವನ್ನು ಏಡಿಗಳು ಕೊರೆದ ಹಾಗೆ, ಒಂದು ಕಡೆ ಹೆಪ್ಪುಗಟ್ಟುತ್ತಿದ್ದರೆ ಇನ್ನೊಂದು ಕಡೆ ಅದು ಕರಗುತ್ತದೆ. ರಕ್ತ ನಿಲ್ಲುವುದಿಲ್ಲ.

ಟ್ರಾನೆಕ್ಸಾಮಿಕ್ ಆಮ್ಲ ಎಂಬ ಮದ್ದು ಇಲ್ಲಿ ಕೆಲಸ ಮಾಡುತ್ತದೆ. ಅದು ಹೊಸತಾಗಿ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ. ಕಟ್ಟಿದ ಹೆಪ್ಪನ್ನು ಕರಗಿಸುವ ಕಿಣ್ವ ನಾರಿನ ಬಲೆಯನ್ನು ಹಿಡಿಯದಂತೆ ತಡೆಯುತ್ತದೆ. ಏಡಿಯ ಕಾಲು ಕಟ್ಟಿಹಾಕಿದ ಹಾಗೆ.

ಮದ್ದು ಕಂಡುಹಿಡಿದ ತಾಯಿ

ಇದನ್ನು ಕಂಡುಹಿಡಿದವರು ಜಪಾನಿನ ವೈದ್ಯೆ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಎಲ್ಲದಕ್ಕೂ ಬರ. ಸಂಶೋಧನೆಗೆ ಹಣವಿಲ್ಲ, ಸಾಮಗ್ರಿ ಇಲ್ಲ. ರಕ್ತದ ಬಗ್ಗೆ ಸಂಶೋಧನೆ ಮಾಡಿದರೆ ಬೇರೇನಿಲ್ಲದಿದ್ದರೂ ತಮ್ಮ ಸ್ವಂತ ರಕ್ತವನ್ನೇ ಬಳಸಬಹುದು ಎಂದು ಅವರು ಆ ದಾರಿ ಹಿಡಿದರು. ಮಗಳನ್ನು ನೋಡಿಕೊಳ್ಳುವವರಿಲ್ಲದಾಗ ಉಟಾಕೊ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದರು. 1962ರಲ್ಲಿ ಈ ಮದ್ದಿನ ವಿಷಯ ಪ್ರಕಟವಾಯಿತು. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯಬಾರದು ಎಂಬುದು ಅವರ ಆಸೆಯಾಗಿತ್ತು. ಆದರೆ ಅದನ್ನು ಪರೀಕ್ಷಿಸಿ ನೋಡಲು ಅಂದಿನ ಹೆರಿಗೆ ವೈದ್ಯರನ್ನು ಒಪ್ಪಿಸಲು ಅವರಿಂದಾಗಲಿಲ್ಲ.

ಎರಡು ದೊಡ್ಡ ಪರೀಕ್ಷೆಗಳು

ಆ ಕೆಲಸವನ್ನು ಮುಂದುವರಿಸಿದವರು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯ ಸಂಶೋಧಕಿ ಹಲೀಮಾ ಶಕೂರ್-ಸ್ಟಿಲ್, ಅವರ ಸಹೋದ್ಯೋಗಿ ಇಯಾನ್ ರಾಬರ್ಟ್ಸ್ ಮತ್ತು ಸಂಗಡಿಗರು.

ಹೊಸ ಗೊಬ್ಬರ ಬಂದರೆ ಬುದ್ಧಿವಂತ ಕೃಷಿಕ ಏನು ಮಾಡುತ್ತಾನೆ? ಒಂದೇ ತೋಟದಲ್ಲಿ ಕೆಲವು ಸಾಲಿಗೆ ಹಾಕಿ, ಕೆಲವು ಸಾಲನ್ನು ಹಾಗೇ ಬಿಟ್ಟು, ಫಸಲು ಹೋಲಿಸುತ್ತಾನೆ. ಇವರೂ ಹಾಗೆಯೇ ಮಾಡಿದರು. ಎಲ್ಲ ರೋಗಿಗಳಿಗೂ ವಾಡಿಕೆಯ ಚಿಕಿತ್ಸೆ ನಡೆಯಿತು. ಅದರ ಜೊತೆಗೆ ಅರ್ಧದಷ್ಟು ಮಂದಿಗೆ ಈ ಮದ್ದು, ಉಳಿದವರಿಗೆ ಮದ್ದಿಲ್ಲದ ದ್ರವ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ.

ಮೊದಲನೆಯದು ಅಪಘಾತದ ಗಾಯಾಳುಗಳ ಪರೀಕ್ಷೆ, ಹೆಸರು ಕ್ರ್ಯಾಶ್-2. 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಮಂದಿ ಸೇರಿದರು. ಭಾರತದ ಆಸ್ಪತ್ರೆಗಳೂ ಪಾಲುಗೊಂಡವು. 2010ರಲ್ಲಿ ಫಲಿತಾಂಶ ಬಂತು. ಮದ್ದು ಸಿಗದವರಲ್ಲಿ ನೂರಕ್ಕೆ 16 ಮಂದಿ ತೀರಿಕೊಂಡಿದ್ದರೆ, ಸಿಕ್ಕವರಲ್ಲಿ 14.5. ಚಿಕ್ಕ ವ್ಯತ್ಯಾಸವೆಂದು ಕಾಣಬಹುದು. ಆದರೆ ಹತ್ತು ಸಾವಿರ ಗಾಯಾಳುಗಳಿಗೆ ಲೆಕ್ಕ ಹಾಕಿದರೆ ಸುಮಾರು 150 ಜೀವ! ಬೇಡದ ಕಡೆ ಹೆಪ್ಪುಗಟ್ಟಿ ಹೃದಯಕ್ಕೋ ಮೆದುಳಿಗೋ ತೊಂದರೆಯಾದೀತೆಂಬ ಭಯವಿತ್ತು. ಹಾಗೆ ಹೆಚ್ಚಾದದ್ದು ಕಂಡುಬರಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಯಾಳುಗಳಿಗಾಗಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ತಾಯಂದಿರ ಪರೀಕ್ಷೆ, ಹೆಸರು ವುಮನ್. 21 ದೇಶಗಳ 193 ಆಸ್ಪತ್ರೆಗಳಲ್ಲಿ, ಹೆರಿಗೆಯ ನಂತರ ವಿಪರೀತ ರಕ್ತ ಹೋಗುತ್ತಿದ್ದ 20,060 ಮಹಿಳೆಯರು. ಅವರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಏಷ್ಯಾದವರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಚಿಕಿತ್ಸೆ ಸಿಕ್ಕವರನ್ನು ನೋಡಿದರೆ, ಮದ್ದಿಲ್ಲದ ಗುಂಪಿನಲ್ಲಿ ರಕ್ತಸ್ರಾವದಿಂದ 127 ತಾಯಂದಿರು ಸತ್ತಿದ್ದರು, ಮದ್ದು ಪಡೆದ ಗುಂಪಿನಲ್ಲಿ 89. ಸುಮಾರು ಮೂರರಲ್ಲಿ ಒಂದು ಸಾವು ತಪ್ಪಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಹೆರಿಗೆಯ ರಕ್ತಸ್ರಾವಕ್ಕೂ ಶಿಫಾರಸು ಮಾಡಿತು. ಉಟಾಕೊ ಅವರ ಆಸೆ ಈಡೇರಲು 55 ವರ್ಷ ಹಿಡಿಯಿತು. ಅವರು 2016ರಲ್ಲಿ, 98ನೆಯ ವಯಸ್ಸಿನಲ್ಲಿ, ಈ ಫಲಿತಾಂಶಕ್ಕೆ ಒಂದು ವರ್ಷ ಮೊದಲು ತೀರಿಕೊಂಡಿದ್ದರು.

ಮೂರು ಗಂಟೆ ಯಾಕೆ?

ಪಾಠದ ಮುಖ್ಯ ಭಾಗ ಇದು. ಕ್ರ್ಯಾಶ್-2ರ ಗಾಯಾಳುಗಳಲ್ಲಿ ಪೆಟ್ಟಾದ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಿಗೆ ರಕ್ತಸ್ರಾವದಿಂದ ಸಾಯುವ ಅಪಾಯ ಸುಮಾರು ಮೂರರಲ್ಲೊಂದು ಪಾಲು ಇಳಿದಿತ್ತು. ಒಂದರಿಂದ ಮೂರು ಗಂಟೆಯೊಳಗೆ ಸಿಕ್ಕವರಿಗೂ ಪ್ರಯೋಜನವಾಗಿತ್ತು, ಆದರೆ ಕಡಿಮೆ. ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ ಅಪಾಯ ಹೆಚ್ಚಿದ್ದು ಕಂಡಿತು. ಎರಡೂ ಪರೀಕ್ಷೆಗಳ 40,000ಕ್ಕೂ ಹೆಚ್ಚು ಮಂದಿಯ ಲೆಕ್ಕವನ್ನು 2018ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ತಡವಾದ ಪ್ರತಿ 15 ನಿಮಿಷಕ್ಕೆ ಮದ್ದಿನ ಪ್ರಯೋಜನ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ ಎಂದು ತಿಳಿಯಿತು.

ಕಟ್ಟದಲ್ಲಿ ಬೆರಳಿನಷ್ಟು ತೂತು ಇರುವಾಗ ಒಂದು ಬುಟ್ಟಿ ಮಣ್ಣು ಸಾಕು. ಕಟ್ಟವೇ ಕೊಚ್ಚಿಹೋದ ಮೇಲೆ ಲೋಡುಗಟ್ಟಲೆ ಮಣ್ಣು ತಂದರೂ ಏನು ಪ್ರಯೋಜನ?

ಮದ್ದು ಕೊಡುವುದು ವೈದ್ಯರ ಕೆಲಸ. ಆದರೆ ಆ ಮೂರು ಗಂಟೆಯಲ್ಲಿ ಹೆಚ್ಚಿನ ಪಾಲು ಕಳೆಯುವುದು ನಮ್ಮ ಅಂಗಳದಲ್ಲಿ. "ಸ್ವಲ್ಪ ನೋಡೋಣ" ಎನ್ನುವುದರಲ್ಲಿ, ವಾಹನ ಹುಡುಕುವುದರಲ್ಲಿ, ಯಜಮಾನರು ಪೇಟೆಯಿಂದ ಬರಲಿ ಎಂದು ಕಾಯುವುದರಲ್ಲಿ.

ನಾವು ಮಾಡಬೇಕಾದದ್ದು

1. ಮರದಿಂದ ಬಿದ್ದವನಿಗೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಸಾಗಿಸಿರಿ. ಹೊಟ್ಟೆ ಬಿಗಿಯುವುದು, ಮೈ ಬೆವತು ತಣ್ಣಗಾಗುವುದು, ಬಾಯಾರಿಕೆ, ತಲೆಸುತ್ತು, ಇವು ಒಳಗೆ ರಕ್ತ ಸೋರುತ್ತಿರುವ ಲಕ್ಷಣಗಳು. ಇವು ಕಾಣುವ ತನಕ ಕಾಯಬೇಡಿರಿ. ಕಾಫಿ, ನೀರು ಕುಡಿಸಬೇಡಿರಿ. ಕೈಕಾಲು ಹಿಡಿದು ಎತ್ತದೆ ಹಲಗೆಯ ಮೇಲೆ ಮಲಗಿಸಿರಿ. ಕಂಬಳಿ ಹೊದೆಸಿರಿ, ಏಕೆಂದರೆ ಮೈ ತಣಿದರೆ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ.

2. ಕತ್ತಿ ಅಥವಾ ಹುಲ್ಲು ಕತ್ತರಿಸುವ ಯಂತ್ರ ತಾಗಿದರೆ ಶುದ್ಧ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಿರಿ. ಕಾಫಿ ಪುಡಿ, ಅರಶಿನ, ಸುಣ್ಣ ತುಂಬಿಸಬೇಡಿರಿ.

3. ಪೆಟ್ಟಾದ ಗಂಟೆಯನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿರಿ. ಈ ಮದ್ದು ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಅದು ಅವರಿಗೆ ಬೇಕು.

4. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ರಕ್ತದ ಏರ್ಪಾಡು ಹೇಗಿದೆ ಎಂದು ಮೊದಲೇ ವಿನಯದಿಂದ ಕೇಳಿರಿ. ಮನೆಗೆ ಬಂದ ಬಾಣಂತಿಗೆ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಹೋದರೆ, ಕಣ್ಣು ಕತ್ತಲೆ ಬಂದರೆ, ಬೆಳಗಾಗಲಿ ಎಂದು ಕಾಯಬೇಡಿರಿ.

5. ಮುಟ್ಟಿನ ಅತಿಸ್ರಾವಕ್ಕೆ ವೈದ್ಯರು ಬರೆದುಕೊಟ್ಟ ಇದೇ ಮದ್ದಿನ ಮಾತ್ರೆ ಕೆಲವರ ಮನೆಯಲ್ಲಿರಬಹುದು. ಅದನ್ನು ನುಂಗಿಸಿ ಮನೆಯಲ್ಲಿ ಕೂರಬಾರದು. ಇಂಥ ರಕ್ತಸ್ರಾವಕ್ಕೆ ಮದ್ದನ್ನು ಆಸ್ಪತ್ರೆಯಲ್ಲಿ ನರದ ಮೂಲಕ ಕೊಡುತ್ತಾರೆ. ಗರ್ಭಕೋಶ ಬಿಗಿಯುವ ಮದ್ದು, ರಕ್ತ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ, ಎಲ್ಲವೂ ಜೊತೆಗೆ ಬೇಕಾಗುತ್ತದೆ.

ಮದ್ದಿಗೂ ಮಿತಿಯುಂಟು

ಅದೇ ಸಂಶೋಧಕರು ಇನ್ನೊಂದು ಪ್ರಶ್ನೆ ಕೇಳಿದರು. ರಕ್ತಹೀನತೆಯಿರುವ ತಾಯಿಗೆ, ರಕ್ತ ಹೋಗಲು ಶುರುವಾಗುವ ಮೊದಲೇ ಈ ಮದ್ದು ಕೊಟ್ಟರೆ ಹೇಗೆ? ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾಗಳಲ್ಲಿ 15,068 ಮಹಿಳೆಯರನ್ನು ಸೇರಿಸಿ ಪರೀಕ್ಷಿಸಿದರು. 2023ರಲ್ಲಿ ಬಂದ ಉತ್ತರ: ಹಾಗೆ ಕೊಟ್ಟದ್ದರಿಂದ ಹೆರಿಗೆಯ ರಕ್ತಸ್ರಾವ ಕಡಿಮೆಯಾಗಲಿಲ್ಲ. ಆದರೆ ತಾಯಿಯ ರಕ್ತಹೀನತೆ ಹೆಚ್ಚಿದಷ್ಟೂ ಆಕೆಗೆ ಅಪಾಯ ಹೆಚ್ಚು ಎಂಬುದು ಅಲ್ಲಿ ಇನ್ನಷ್ಟು ಸ್ಪಷ್ಟವಾಯಿತು.

ಬಸಿರಿನಲ್ಲಿ ಆಗಬೇಕಾದ ಆರೈಕೆಯನ್ನು ಹೆರಿಗೆಯ ದಿನದ ಇಂಜೆಕ್ಷನ್ನಿಗೆ ಬಿಡಲಾಗದು ಎಂದಾಯಿತು. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಕಪಾಟಿನಲ್ಲಿಡದೆ ತಿನ್ನಬೇಕು. ಚಹಾ ಕಾಫಿಯ ಜೊತೆ ತಿನ್ನಬಾರದು. ಹಿತ್ತಿಲ ಹರಿವೆ, ನುಗ್ಗೆ ಸೊಪ್ಪು, ಹುರುಳಿ, ಮೀನು, ಮಾಂಸ ಇವು ಮನೆಯ ಸೊಸೆಯ ಬಟ್ಟಲಿಗೆ ಮೊದಲು ಬೀಳಲಿ. ಎಲ್ಲರೂ ಉಂಡು ಮಿಕ್ಕದ್ದು ಅವಳಿಗೆ ಎಂಬ ವಾಡಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ತುಂಬು ಬಸುರಿಗೆ ಅದು ಆಗಕೂಡದು.

ವಾಳೆಯ ಸಭೆಯಲ್ಲಿ ಚರ್ಚಿಸಲು

ಗುರಿಕಾರರು ಮುಂದಿನ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಇಡಬೇಕೆಂದು ಕೋರುತ್ತೇನೆ.

ನಮ್ಮ ವಾಳೆಯಲ್ಲಿ ರಾತ್ರಿ ಕರೆದರೂ ಹೊರಡುವ ವಾಹನ ಯಾರ ಮನೆಯಲ್ಲಿದೆ?

ರಕ್ತ ಕೊಡಲು ಸಿದ್ಧರಿರುವವರು ಯಾರು, ಅವರ ರಕ್ತದ ಗುಂಪು ಯಾವುದು?

ಈಗ ಬಸುರಿಯರಿರುವ ಮನೆಗಳು ಯಾವುವು, ಅವರ ಮಾತ್ರೆ ಮತ್ತು ತಪಾಸಣೆಯನ್ನು ಯಾರು ವಿಚಾರಿಸುತ್ತಿದ್ದಾರೆ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಮನೆಯ ಗೋಡೆಗೆ ಅಂಟಿಸಿರಿ. ಕೆಳಗೆ 108 ಎಂದು ದೊಡ್ಡದಾಗಿ ಬರೆಯಿರಿ. ಮಳೆಗಾಲದ ಕೆಲಸ ಶುರುವಾಗುವ ಮೊದಲೇ ಇದು ಮುಗಿಯಲಿ. ನಾಳೆ ನೋಡೋಣ ಎನ್ನಬೇಡಿರಿ.