ಸೆರೆಯಾಳು ಯಾವ ಊರಿನವನು?

1931ನೆಯ ಇಸವಿಯ ಫೆಬ್ರವರಿ 26ರ ರಾತ್ರಿ ದೇಶದಲ್ಲೆಲ್ಲ ಜನಗಣತಿ ನಡೆಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಾವು ಏರಿತ್ತು. ಶಿರಸಿ, ಸಿದ್ದಾಪುರ ಸೀಮೆಯ ಅಡಿಕೆ ತೋಟಗಳ ಮನೆಗಳಿಂದ ಹೊರಟ ಸತ್ಯಾಗ್ರಹಿಗಳು ಸೆರೆಮನೆ ಸೇರಿದ್ದರು. ಅಂದಿನ ಗಣತಿಯ ನಿಯಮ ಸರಳವಾದುದು: ಆ ರಾತ್ರಿ ಯಾರು ಎಲ್ಲಿರುವರೋ ಅಲ್ಲಿಯೇ ಅವರ ಎಣಿಕೆ. ಆದುದರಿಂದ ಸೆರೆಯಾಳು ತನ್ನ ಊರಿನ ಲೆಕ್ಕದಿಂದ ಬಿಟ್ಟುಹೋಗಿ, ಸೆರೆಮನೆಯಿದ್ದ ಊರಿನ ಲೆಕ್ಕಕ್ಕೆ ಸೇರಿದನು. ಏಳು ದಿನಗಳ ತರುವಾಯ, ಮಾರ್ಚ್ 5ರಂದು, ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಸತ್ಯಾಗ್ರಹಿಗಳು ಬಿಡುಗಡೆ ಹೊಂದಿ ಮನೆಗೆ ಮರಳಿದರು. ಮನುಷ್ಯರು ಮರಳಿದರೂ ಅಂಕಿ ಮರಳಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಅಂಕಿಗಳಿಗೆ ಇನ್ನೂ ಹೆಚ್ಚಿನ ಬೆಲೆ ಬಂದಿತು. ಚುನಾವಣಾ ಕ್ಷೇತ್ರಗಳ ಎಲ್ಲೆಯನ್ನು ಜನಗಣತಿಯ ಆಧಾರದಿಂದಲೇ ಗುರುತಿಸಲಾಗುತ್ತದೆ. 2001ರ ಗಣತಿಯನ್ನು ಅನುಸರಿಸಿ 2008ರಲ್ಲಿ ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳ ಎಲ್ಲೆಗಳು ಬದಲಾದವು. ಆಗ ಅಂಕೋಲಾ ಕ್ಷೇತ್ರ ಇಲ್ಲವಾಗಿ ಯಲ್ಲಾಪುರ ಕ್ಷೇತ್ರ ಉಂಟಾಯಿತು. ಸಿದ್ದಾಪುರ ತಾಲ್ಲೂಕು ಶಿರಸಿ ಕ್ಷೇತ್ರದಲ್ಲಿದೆ. ಶಿರಸಿ ತಾಲ್ಲೂಕಿನದೇ ಆದ ಬನವಾಸಿ ಭಾಗ ಯಲ್ಲಾಪುರ ಕ್ಷೇತ್ರಕ್ಕೆ ಸೇರಿತು.

ಯಲ್ಲಾಪುರದ ಒಬ್ಬ ವ್ಯಕ್ತಿ ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿರುವನೆಂದು ಭಾವಿಸೋಣ. ಜನಗಣತಿಯು ವಿದ್ಯಾರ್ಥಿನಿಲಯ, ಅನಾಥಾಲಯಗಳಂತೆ ಸೆರೆಮನೆಯನ್ನೂ ಒಂದು ಸಾಂಸ್ಥಿಕ ಕುಟುಂಬವೆಂದು ಎಣಿಸುತ್ತದೆ. ಆದ್ದರಿಂದ ಅವನ ಲೆಕ್ಕ ಹಿಂಡಲಗಾಕ್ಕೆ ಸೇರುತ್ತದೆ. ಆದರೆ 1950ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ, ಸೆರೆಯಲ್ಲಿರುವ ಮಾತ್ರಕ್ಕೆ ಯಾರೂ ಆ ಸ್ಥಳದ ಸಾಮಾನ್ಯ ನಿವಾಸಿಯಾಗುವುದಿಲ್ಲ. 1951ರ ಕಾಯಿದೆಯಂತೆ, ಮುನ್ನೆಚ್ಚರಿಕೆಯ ಬಂಧನದಲ್ಲಿರುವವರ ಹೊರತು, ಸೆರೆಯಾಳುಗಳಿಗೆ ಮತ ಹಾಕುವ ಅವಕಾಶವೂ ಇಲ್ಲ. ಹೀಗೆ ಎಣಿಕೆ ಒಂದು ಕಡೆ, ಊರು ಇನ್ನೊಂದು ಕಡೆ; ಮತ ಎಲ್ಲಿಯೂ ಇಲ್ಲ.

ಇದರ ಪರಿಣಾಮವೇನು? ಸರಾಸರಿ 2 ಲಕ್ಷ 36 ಸಾವಿರ ಜನಸಂಖ್ಯೆಯ ಆಧಾರದ ಮೇಲೆ ರಚಿತವಾದ ವಿಧಾನಸಭಾ ಕ್ಷೇತ್ರದಲ್ಲಿ ಕೆಲವು ನೂರು ಸೆರೆಯಾಳುಗಳಿಂದ ಹೆಚ್ಚು ವ್ಯತ್ಯಾಸವಾಗದು. ಆದರೆ ಕ್ಷೇತ್ರ ಕಿರಿದಾದಂತೆ ವ್ಯತ್ಯಾಸ ಹಿರಿದಾಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಸಾವಿರ ಸೆರೆಯಾಳುಗಳ ಸಂಖ್ಯೆಯೊಂದೇ ಎರಡು ಸ್ಥಾನಗಳಿಗೆ ಸಾಕಾದೀತು.

ಅಮೆರಿಕದ ಅಯೋವಾ ರಾಜ್ಯದ ಅನಮೋಸಾ ಎಂಬ ಸಣ್ಣ ಪಟ್ಟಣದಲ್ಲಿ ಹೀಗೆಯೇ ಆಯಿತು. ಅಲ್ಲಿನ ಒಂದು ವಾರ್ಡಿನ ಸುಮಾರು 1,400 ಜನರಲ್ಲಿ 1,300ಕ್ಕೂ ಹೆಚ್ಚು ಮಂದಿ ಸೆರೆಯಾಳುಗಳೇ ಆಗಿದ್ದರು. 2005ರ ಚುನಾವಣೆಯಲ್ಲಿ ಆ ವಾರ್ಡಿನ ಅಭ್ಯರ್ಥಿ ಕೇವಲ ಎರಡು ಮತಗಳಿಂದ ಆಯ್ಕೆಯಾದನು. ಉಳಿದ ವಾರ್ಡುಗಳ ನಾಗರಿಕರ ಮತದ ತೂಕ ಅಷ್ಟರಮಟ್ಟಿಗೆ ಕುಗ್ಗಿತ್ತು. ಆ ಬಳಿಕ ಪಟ್ಟಣವು ತನ್ನ ಚುನಾವಣಾ ಪದ್ಧತಿಯನ್ನೇ ಬದಲಿಸಿತು. ನ್ಯೂಯಾರ್ಕ್ ಮತ್ತು ಮೇರಿಲ್ಯಾಂಡ್ ರಾಜ್ಯಗಳು 2010ರಲ್ಲಿ, ಕ್ಷೇತ್ರ ವಿಂಗಡಣೆಗಾಗಿ ಸೆರೆಯಾಳುಗಳನ್ನು ಅವರವರ ಊರಿನಲ್ಲಿಯೇ ಎಣಿಸಬೇಕೆಂಬ ಕಾನೂನು ಮಾಡಿದವು.

ಅಪರಾಧಕ್ಕೆ ಶಿಕ್ಷೆ ಉಂಟು. ಆದರೆ ಸೆರೆಯಾಳಿನ ಮನೆಯವರು, ನೆರೆಹೊರೆಯವರು ಯಾವ ಅಪರಾಧವನ್ನೂ ಮಾಡಿದವರಲ್ಲ. ಅವನ ಊರಿನ ರಸ್ತೆ, ಶಾಲೆಗಳಿಗಾಗಿ ದನಿಯೆತ್ತುವ ಪ್ರತಿನಿಧಿಯ ಆಯ್ಕೆಯಲ್ಲಿ ಆ ಊರಿನ ಒಂದೊಂದು ತಲೆಯೂ ಲೆಕ್ಕಕ್ಕೆ ಬರಬೇಕು. ಗಣತಿದಾರನು ಬರೆದುಕೊಳ್ಳುವುದು ಬರಿಯ ಅಂಕಿಯಲ್ಲ. ಒಂದು ಊರಿನ ಪಾಲು.