ತರಗತಿಯ ಶಿಸ್ತು ಮತ್ತು ವರ್ತನಾವಾದ

ತರಗತಿಯಲ್ಲಿ ಗದ್ದಲವೆದ್ದಾಗ "ಕುಳಿತುಕೊಳ್ಳಿರಿ!" ಎಂದು ಗದರಿಸುವುದು ಉಪಾಧ್ಯಾಯರ ವಾಡಿಕೆ. ತುರುವನೂರಿನ ಶಾಲೆಯಾಗಲಿ, ದೂರದ ಅಮೆರಿಕದ ಶಾಲೆಯಾಗಲಿ, ಈ ಮಾತು ಎಲ್ಲೆಡೆಯೂ ಪರಿಚಿತವೇ. ಆದರೆ ಗದರಿಕೆಯಿಂದ ಎದ್ದು ನಿಲ್ಲುವವರ ಸಂಖ್ಯೆ ನಿಜವಾಗಿಯೂ ಇಳಿಯುವುದೆ? ಇದನ್ನು ಊಹಿಸುವ ಬದಲು ಎಣಿಸಿ ನೋಡಬೇಕೆಂಬುದು ಮನಶ್ಶಾಸ್ತ್ರದ ವರ್ತನಾವಾದಿಗಳ ನಿಲುವು.

ಈ ವಾದದ ತಳಹದಿ ಸರಳವಾದುದು. ಅಮೆರಿಕದ ಥಾರ್ನ್‌ಡೈಕನು ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ಆಹಾರವನ್ನಿಟ್ಟು ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದನು. ಬೆಕ್ಕು ಪರಚಿ, ಕಚ್ಚಿ, ಕೊನೆಗೆ ಹೇಗೋ ಬಾಗಿಲು ತೆರೆದು ಹೊರಬಂದಿತು. ಪ್ರಯೋಗವನ್ನು ಪುನರಾವರ್ತಿಸಿದಂತೆಲ್ಲ ವ್ಯರ್ಥ ಚೇಷ್ಟೆಗಳು ಕಡಿಮೆಯಾಗಿ, ಫಲ ಕೊಟ್ಟ ಚಲನೆ ದೃಢವಾಯಿತು. ಹೀಗೆ ವರ್ತನೆಯೊಂದು ಅದರ ಫಲದಿಂದ ಬಲಗೊಳ್ಳುವುದನ್ನು 'ಪ್ರಬಲನ' ಎನ್ನುತ್ತಾರೆ. ಬಿ. ಎಫ್. ಸ್ಕಿನ್ನರ್ (1904–1990) ಈ ತತ್ತ್ವವನ್ನು ವಿಸ್ತಾರವಾಗಿ ಬೆಳೆಸಿದನು.

ಫಲವೆಂದರೆ ತಿಂಡಿಯೇ ಆಗಬೇಕಿಲ್ಲ. ಉಪಾಧ್ಯಾಯರ ಗಮನವೂ ಫಲವೇ. ಅಮೆರಿಕದ ಒಂದನೆಯ ತರಗತಿಯ 48 ಮಕ್ಕಳನ್ನು ಕುರಿತ ಅಧ್ಯಯನವೊಂದು 1968ರಲ್ಲಿ ಪ್ರಕಟವಾಯಿತು. ಉಪಾಧ್ಯಾಯರು "ಕುಳಿತುಕೊಳ್ಳಿ" ಎಂದು ಹೆಚ್ಚು ಹೆಚ್ಚಾಗಿ ಹೇಳಿದಾಗ ಎದ್ದು ನಿಲ್ಲುವವರೂ ಹೆಚ್ಚಿದರು! ಕುಳಿತು ಕೆಲಸ ಮಾಡುವವರನ್ನು ಮೆಚ್ಚಿದಾಗ ಆ ಸಂಖ್ಯೆ ಇಳಿಯಿತು.

ಇದರಿಂದ ತಿಳಿಯುವ ನೀತಿಗಳಿವು: ನಿಯಮಗಳು ಕೆಲವೇ ಇರಲಿ, ಸ್ಪಷ್ಟವಾಗಿರಲಿ. ಒಳ್ಳೆಯ ವರ್ತನೆಯನ್ನು ಒಡನೆಯೇ ಗುರುತಿಸಬೇಕು. ಬರಿದೆ "ಜಾಣ" ಎನ್ನುವುದಕ್ಕಿಂತ "ಲೆಕ್ಕದ ಹಂತಗಳನ್ನೆಲ್ಲ ಬಿಡದೆ ಬರೆದಿರುವೆ" ಎಂಬ ಮಾತು ಮೇಲು. ನಿರುಪದ್ರವಿಯಾದ ಚೇಷ್ಟೆಯನ್ನು ಗಮನಿಸದೆ ಬಿಡಬಹುದು. ಹೊಡೆದಾಟವನ್ನು ಮಾತ್ರ ಕೂಡಲೇ ತಡೆಯಬೇಕು. ಇನ್ನು ಬೆತ್ತದ ಮಾತು. ಅದು ಗದ್ದಲವನ್ನು ಕ್ಷಣಕಾಲ ಅಡಗಿಸೀತು; ಮಾಡಬೇಕಾದುದೇನೆಂಬುದನ್ನು ಕಲಿಸದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯನ್ನು ನಿಷೇಧಿಸಿದೆ.

ಗದ್ದಲಕ್ಕೆ ಪಾಠದ ಕ್ರಮವೂ ಕಾರಣವಾಗಬಲ್ಲದು. 1953ರಲ್ಲಿ ಮಗಳ ಗಣಿತದ ತರಗತಿಯನ್ನು ನೋಡಲು ಹೋದ ಸ್ಕಿನ್ನರನು ಎರಡು ಕೊರತೆಗಳನ್ನು ಕಂಡನು: ಉತ್ತರ ಸರಿಯೋ ತಪ್ಪೋ ಮಕ್ಕಳಿಗೆ ಒಡನೆ ತಿಳಿಯುತ್ತಿರಲಿಲ್ಲ, ಎಲ್ಲರೂ ಒಂದೇ ವೇಗದಲ್ಲಿ ಸಾಗಬೇಕಾಗಿತ್ತು. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ವರ್ತನಾವಾದದಿಂದ ಹುಟ್ಟಿದುದಲ್ಲ. ಆದರೂ ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ವಿಂಗಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವಂತೆ ಮಾಡಿ, ಅದು ಎರಡನೆಯ ಕೊರತೆಗೆ ಪರಿಹಾರ ತೋರಿಸಿತು.

ಬಹುಮಾನಕ್ಕೂ ಮಿತಿಯುಂಟು. ಚಿತ್ರ ಬರೆಯುವುದನ್ನು ಮೆಚ್ಚುತ್ತಿದ್ದ ಮಕ್ಕಳಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬರೆಯಿಸಿದರೆ, ಮುಂದೆ ಅವರ ಆಸಕ್ತಿ ಕುಂದಿತೆಂದು 1973ರ ಪ್ರಯೋಗವೊಂದು ತೋರಿಸಿತು. ಕಲಿತ ವಿದ್ಯೆಯೇ ಫಲವಾಗಿ ರುಚಿಸತೊಡಗಿದಂತೆ ಹೊರಗಿನ ಬಹುಮಾನವನ್ನು ಕಡಿಮೆ ಮಾಡುವುದು ಯುಕ್ತ.

ಓದುಗರು ತಮ್ಮ ತರಗತಿಯಲ್ಲಿಯೇ ಒಂದು ವಾರ ಎಣಿಸಿ ನೋಡಬಹುದು: ಕೊನೆಯ ಬೆಂಚಿನ ವಿದ್ಯಾರ್ಥಿಯ ಹೆಸರನ್ನು ಮೆಚ್ಚಿಕೆಗಾಗಿ ಎಷ್ಟು ಬಾರಿ ಕರೆದರು, ಗದರಲು ಎಷ್ಟು ಬಾರಿ ಕರೆದರು? ಚೇಷ್ಟೆ ಮಾಡಿದಾಗ ಮಾತ್ರ ತನ್ನ ಹೆಸರನ್ನು ಕೇಳುವವನು ಚೇಷ್ಟೆಯನ್ನಲ್ಲದೆ ಮತ್ತೇನನ್ನು ಕಲಿತಾನು?