ಕ್ರಿಸ್ಮಸ್ ಕಾಣಿಕೆಗೊಂದು ಕೌದಿ ಹಾಸು

ಆಗಮನ ಕಾಲ ಬಂತೆಂದರೆ ನಮ್ಮ ಕುಟುಂಬಗಳಲ್ಲಿ ಕಾಣಿಕೆಯ ಚಿಂತೆಯೂ ಬರುತ್ತದೆ. ಬೀಗರ ಮನೆಗೆ ಏನು ಕೊಡುವುದು? ಮದುವೆಯಾಗಿ ಹೋದ ಮಗಳ ಮೊದಲ ಕ್ರಿಸ್ಮಸ್ಸಿಗೆ ಏನು ಕಳಿಸುವುದು? ಅಂಗಡಿಯಿಂದ ತಂದ ಹೂದಾನಿ, ಗಡಿಯಾರಗಳು ಪೆಟ್ಟಿಗೆಯ ಸಮೇತ ಕಪಾಟಿನಲ್ಲಿ ಉಳಿದು, ಮರುವರ್ಷ ಇನ್ನೊಬ್ಬರ ಮನೆಗೆ ಕಾಣಿಕೆಯಾಗಿ ಹೋಗುವುದೂ ಉಂಟು. ಹಾಗಾಗದ ಒಂದು ಕಾಣಿಕೆಯನ್ನು ಈ ವಾರ ಕಲಿಯೋಣ. ಅದು ಕೌದಿಯ ರೀತಿಯಲ್ಲಿ ಕೈಯಿಂದ ಹೊಲಿದ ಮೇಜಿನ ಹಾಸು.

ಕೌದಿಯ ನಾಡು

ಪಟ್ಟದಕಲ್ಲು, ಬಾದಾಮಿ, ಹುನಗುಂದ, ಇಳಕಲ್ಲು ಕಡೆಯವರಿಗೆ ಕೌದಿ ಎಂದರೇನೆಂದು ಹೇಳಬೇಕಾಗಿಲ್ಲ. ಉಟ್ಟು ಹಳತಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾಲು ಸಾಲಾಗಿ ಹೊಲಿದ ಹೊದಿಕೆ ಅದು. ಚಳಿಗಾಲಕ್ಕೆ ಹೊದೆಯಲು, ಬೇಸಿಗೆಗೆ ಹಾಸಲು, ಬಾಣಂತಿಗೆ, ತೊಟ್ಟಿಲ ಕೂಸಿಗೆ ಎಲ್ಲಕ್ಕೂ ಕೌದಿಯೇ.

ಹೊಲಿಯಲು ಬೇಕಾದ ಚೆಲುವಾದ ಬಟ್ಟೆಯೂ ಇಲ್ಲಿಯದೇ. ಇಳಕಲ್ಲಿನ ಸೀರೆಯ ಒಡಲು ಹಿಂಜಿ ಹೋದರೂ ಅದರ ಸೆರಗು, ದಡಿ ಎಷ್ಟೋ ಸಲ ಗಟ್ಟಿಯಾಗಿಯೇ ಉಳಿದಿರುತ್ತವೆ. ಚಿಕ್ಕಿ, ಗೋಮಿ, ಗಾಡಿ ದಡಿಗಳನ್ನು ಕತ್ತರಿಸಿ ಅಂಚಿಗೆ ಹಚ್ಚಿದರೆ ಬೇರೆ ಅಲಂಕಾರ ಬೇಡ. ಪಟ್ಟದಕಲ್ಲಿನಿಂದ ದೂರವಲ್ಲದ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಾರೆ. ಉಡಿ ತುಂಬುವಾಗ ಬಂದು, ಹೊಲಿಸದೆ ಪೆಟ್ಟಿಗೆಯಲ್ಲಿ ಉಳಿದ ಖಣಗಳು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಸಿಗುತ್ತವೆ.

ಕೌದಿಯ ಕಲೆ ಬೇರೆ ಕಡೆಯೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕಥೋಲಿಕ ಕುಟುಂಬಗಳು ಮೂರೂ ಇವೆ. ಕಥೋಲಿಕ ಸಿದ್ದಿ ಮಹಿಳೆಯರು ಕೆಲವೊಮ್ಮೆ ತಮ್ಮ ಕೌದಿಯಲ್ಲಿ ಶಿಲುಬೆಯ ಆಕಾರದ ತುಂಡನ್ನು ಸೇರಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ 'ಫುಲ' ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಪೂರ್ಣವಾಗುವುದಿಲ್ಲ.

ಹಳೆಯ ಬಟ್ಟೆಯನ್ನು ಕಾಣಿಕೆ ಕೊಡಬಹುದೇ?

ಅನೇಕರಿಗೆ ಸಂಕೋಚವಾಗುವುದು ಇಲ್ಲಿ. ಬಳಸಿ ಬಿಟ್ಟದ್ದನ್ನು ಕೊಟ್ಟರೆ ಪಡೆದವರು ಏನೆಂದುಕೊಂಡಾರು ಎಂಬ ಅಳುಕು. ಅಳುಕಿಗೆ ಕಾರಣವೂ ಇದೆ. ನಮಗೆ ಬೇಡವಾದ ಹರಕನ್ನು ಬಡವರ ಕೈಗೆ ಹಾಕಿ ದಾನ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಕೌದಿ ಅಂಥದ್ದಲ್ಲ. ಅದರಲ್ಲಿ ಬಟ್ಟೆ ಹಳೆಯದು, ದುಡಿಮೆ ಹೊಸದು. ನಮ್ಮ ಊರುಗಳಲ್ಲಿ ಹುಟ್ಟಿದ ಕೂಸನ್ನು ಸುತ್ತಲು ಹುಡುಕುವುದು ಅಂಗಡಿಯ ಹೊಸ ಬಟ್ಟೆಯನ್ನಲ್ಲ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯನ್ನು. ಅಜ್ಜಿಯ ಸೀರೆಯಲ್ಲಿ ಮೊಮ್ಮಗು ಮಲಗುವುದನ್ನು ಯಾರೂ ಕೀಳೆಂದು ಕಾಣುವುದಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ತಬಿಥಾಳ ವೃತ್ತಾಂತವಿದೆ. ಆಕೆ ತೀರಿಕೊಂಡಾಗ ಜೊಪ್ಪದ ವಿಧವೆಯರು ಸಂತ ಪೇತ್ರರಿಗೆ ತೋರಿಸಿದ್ದು ಆಕೆ ತಮ್ಮೊಡನೆ ಇದ್ದಾಗ ಮಾಡಿಕೊಟ್ಟ ಉಡುಪುಗಳನ್ನು. ಆಕೆಯ ಪ್ರೀತಿಗೆ ಅವರ ಕೈಯಲ್ಲಿದ್ದ ಸಾಕ್ಷಿ ಆ ಹೊಲಿಗೆಯೇ.

ಆದರೂ ಒಂದು ನಿಯಮ ಇಟ್ಟುಕೊಳ್ಳೋಣ. ಮೇಲಿನ ತುಂಡುಗಳು ಗಟ್ಟಿಯಾಗಿರಬೇಕು, ಕಲೆಯಿರಬಾರದು. ಮನೆಯ ಹಿರಿಯರ ಸೀರೆಗೆ ಕತ್ತರಿ ಹಾಕುವ ಮುನ್ನ ಅವರನ್ನು ಕೇಳಬೇಕು. ತೀರಿಕೊಂಡ ತಾಯಿಯ ಸೀರೆಯಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಪ್ಪಿದ ಮೇಲೆಯೇ ಕತ್ತರಿಸಬೇಕು.

ಬೇಕಾಗುವ ಸಾಮಾನು

ನಾವು ಹೊಲಿಯುವ ಹಾಸು 12 ಇಂಚು ಅಗಲ, 48 ಇಂಚು ಉದ್ದ. ಮೇಜಿಗೂ ಆಗುತ್ತದೆ, ಮನೆಯ ಪ್ರಾರ್ಥನೆಯ ಪೀಠಕ್ಕೂ ಆಗುತ್ತದೆ.

ತಳಕ್ಕೆ: 13 ಇಂಚು ಅಗಲ, 49 ಇಂಚು ಉದ್ದದ ಗಟ್ಟಿ ಹತ್ತಿ ಬಟ್ಟೆ.
ನಡುವಿಗೆ: 12 ಇಂಚು ಅಗಲ, 48 ಇಂಚು ಉದ್ದದ ಮೆತ್ತಗಿನ ಹಳೆ ಸೀರೆ ಅಥವಾ ಧೋತರ. ಮೇಜಿನ ಹಾಸಿಗೆ ಒಂದೇ ಪದರ ಸಾಕು.
ಮೇಲಕ್ಕೆ: 5 ಇಂಚಿನ 36 ಚೌಕಗಳು.
ಮೂಲೆಗೆ: 3 ಇಂಚಿನ 4 ಚೌಕಗಳು.
ದಪ್ಪ ಹತ್ತಿ ದಾರ ಸುಮಾರು 40 ಮೀಟರು, ಸೂಜಿ, ಕತ್ತರಿ, ಅಳತೆ ಪಟ್ಟಿ.

ಬಣ್ಣಗಳಿಗಾಗಿ ಸುತ್ತಲಿನ ಹೊಲವನ್ನು ನೋಡಿ. ಪರದೇಶದ ಚಿತ್ರಗಳಲ್ಲಿ ಕಾಣುವ ಉದುರೆಲೆಯ ಶರತ್ಕಾಲ ನಮ್ಮದಲ್ಲ. ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ ಕಾಣುವುದು ಬಿಡಿಸಿದ ಹತ್ತಿಯ ಬಿಳುಪು, ಎರೆಹೊಲದ ಕಪ್ಪು, ಬೆಳೆದು ನಿಂತ ಬಿಳಿಜೋಳದ ಹಸಿರು. ಪಟ್ಟದಕಲ್ಲಿನ ಗುಡಿಗಳ ಮರಳುಗಲ್ಲಿನ ಕೆಂಪು ಇವುಗಳ ನಡುವೆ ಚೆನ್ನಾಗಿ ಹೊಂದುತ್ತದೆ.

ಹೊಲಿಯುವ ಕ್ರಮ

ಆಗಮನ ಕಾಲದ ನಾಲ್ಕು ವಾರಗಳಿಗೆ ಕೆಲಸವನ್ನು ಹಂಚಿಕೊಂಡರೆ ಭಾರವಾಗುವುದಿಲ್ಲ.

ಮೊದಲ ವಾರ: ಎಲ್ಲ ಬಟ್ಟೆಯನ್ನೂ ಒಗೆದು ಒಣಗಿಸಿ. ಹೊಸ ಖಣವನ್ನು ಮಾತ್ರ ಬೇರೆಯಾಗಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವ ತನಕ ಜಾಲಿಸಿ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಆಗಲೂ ಬಣ್ಣ ಹತ್ತಿದರೆ ಆ ಖಣವನ್ನು ಬಿಡಿ. ಮಡಿಯದ ಹೊಸ ಬಟ್ಟೆಯ ತೇಪೆಯನ್ನು ಹಳೆಯ ಬಟ್ಟೆಗೆ ಹಚ್ಚಿದರೆ ಹರಕು ಹೆಚ್ಚಾಗುತ್ತದೆಂದು ಪ್ರಭು ಯೇಸು ಹೇಳಿದ ಸಾಮತಿ ಮಾರ್ಕನ ಶುಭಸಂದೇಶದಲ್ಲಿದೆ. ಹೊಲಿಗೆ ಬಲ್ಲ ಹೆಂಗಸರಿಗೆಲ್ಲ ಗೊತ್ತಿದ್ದ ಮಾತನ್ನೇ ಪ್ರಭು ಬಳಸಿಕೊಂಡರು. ಒಗೆಯದ ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ, ಪಕ್ಕದ ಹಳೆ ಬಟ್ಟೆಯನ್ನು ಜಗ್ಗಿ ಹರಿಯುತ್ತದೆ.

ಎರಡನೆಯ ವಾರ: ತಳದ ಬಟ್ಟೆಯನ್ನು ಒಳಮೈ ಮೇಲಾಗಿ ಹಾಸಿ, ನಡುವಿನ ಪದರವನ್ನು ಅದರ ಮೇಲಿಡಿ. ತಳದ ಬಟ್ಟೆಯ ಅಂಚನ್ನು ಸುತ್ತಲೂ ಅರ್ಧ ಇಂಚು ಒಳಗೆ ಮಡಿಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಮೂಲೆಯ ಚೌಕಗಳನ್ನು ಕರ್ಣಕ್ಕೆ ಎರಡು ಸಲ ಮಡಿಸಿದರೆ ತ್ರಿಕೋನವಾಗುತ್ತದೆ. ಅದರ ಚೂಪು ತುದಿ ಹೊರಗೆ ಚಾಚುವಂತೆ ನಾಲ್ಕು ಮೂಲೆಗಳಿಗೆ ಹಚ್ಚಿ. ಅದರ ಬಿಚ್ಚು ಅಂಚು ಮುಂದೆ ಮೇಲಿನ ಚೌಕದ ಅಡಿ ಮುಚ್ಚಿಹೋಗುತ್ತದೆ.

ಮೂರನೆಯ ವಾರ: ಒಂದು ಮೂಲೆಯಿಂದ ಆರಂಭಿಸಿ ಚೌಕಗಳನ್ನು ಅಂಚಿನ ಗುಂಟ ಸುತ್ತಲೂ ಹಚ್ಚುತ್ತ ಬನ್ನಿ. ಚೌಕದ ಹೊರ ಅಂಚನ್ನು ಅರ್ಧ ಇಂಚು ಮಡಿಸಿ ತಳದ ಅಂಚಿಗೆ ಸರಿಯಾಗಿಡಿ. ಮುಂದಿನ ಚೌಕದ ಮಡಿಸಿದ ಅಂಚು ಹಿಂದಿನ ಚೌಕದ ಬಿಚ್ಚು ಅಂಚನ್ನು ಅರ್ಧ ಇಂಚು ಮುಚ್ಚಬೇಕು. ಹೀಗೆ ಪ್ರತಿ ಚೌಕವೂ ಹೊರಗೆ 4 ಇಂಚು ಕಾಣುತ್ತದೆ. ಅಂಚಿನಲ್ಲಿ 26 ಚೌಕಗಳು, ನಡುವಿನ ಸಾಲಿನಲ್ಲಿ 10. ಕಟ್ಟಕಡೆಯ ಚೌಕವನ್ನು ನಾಲ್ಕೂ ಕಡೆ ಮಡಿಸಿ ಇಟ್ಟರೆ ಬಿಚ್ಚು ಅಂಚು ಎಲ್ಲಿಯೂ ಉಳಿಯುವುದಿಲ್ಲ. ಇಷ್ಟವಿದ್ದವರು ನಡುವಿನ ಚೌಕಗಳಲ್ಲಿ ಒಂದರ ಮೇಲೆ ಚಿಕ್ಕ ಶಿಲುಬೆ ಹೊಲಿಯಬಹುದು.

ನಾಲ್ಕನೆಯ ವಾರ: ಉದ್ದಕ್ಕೆ ಅರ್ಧ ಇಂಚಿಗೊಂದು ಸಾಲಿನಂತೆ ಸಾದಾ ಹೊಲಿಗೆ ಹಾಕಿ. ಪ್ರತಿ ಸಲವೂ ಸೂಜಿ ತಳದ ಬಟ್ಟೆಯನ್ನು ಹಿಡಿದಿದೆಯೇ ಎಂದು ಬೆರಳಿನಿಂದ ತಡವಿ ನೋಡಿ. ದಾರವನ್ನು ಬಿಗಿದರೆ ಹಾಸು ಮುದುಡುತ್ತದೆ, ಸಡಿಲ ಬಿಟ್ಟರೆ ಎಲ್ಲಿಯಾದರೂ ಸಿಕ್ಕಿಕೊಂಡು ಕಿತ್ತುಬರುತ್ತದೆ. ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ಕಡಿಮೆ ಬಿಸಿಯಲ್ಲಿ ತಳದ ಕಡೆಯಿಂದ ಇಸ್ತ್ರಿ ಮಾಡಿ. ಕಾಣಿಕೆಯೊಡನೆ ಒಂದು ಚೀಟಿ ಇಡಿ: ಯಾವ ತುಂಡು ಯಾರ ಸೀರೆಯದು, ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು ಎಂದು.

ಹೊಲಿಗೆಯ ಬೆಲೆ

ಈಗ ಒಂದು ಲೆಕ್ಕ ಮಾಡೋಣ. 48 ಇಂಚಿನ 24 ಸಾಲು, ಇಂಚಿಗೆ 3 ಹೊಲಿಗೆ. ಒಟ್ಟು 3,456 ಹೊಲಿಗೆಗಳು. ನಿಮಿಷಕ್ಕೆ ಹತ್ತು ಹೊಲಿಗೆ ಹಾಕುವ ಪಳಗಿದ ಕೈಗೂ ಇದಕ್ಕೇ ಆರು ಗಂಟೆ ಬೇಕು. ಒಗೆಯುವುದು, ಕತ್ತರಿಸುವುದು, ಚೌಕ ಹಚ್ಚುವುದು ಬೇರೆ. ಇಷ್ಟು ಚಿಕ್ಕ ಹಾಸಿಗೇ ಹೀಗಾದರೆ, ಮಂಚದಗಲದ ಕೌದಿಗೆ ಎಷ್ಟಾದೀತು?

ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟವಾದ 'ತ್ರೀ ತೌಸಂಡ್ ಸ್ಟಿಚಸ್' ಪುಸ್ತಕದಲ್ಲಿ ತಮಗೆ ಬಂದ ಒಂದು ಹೊದಿಕೆಯ ಕಥೆ ಬರೆದಿದ್ದಾರೆ. ದೇವದಾಸಿ ಪದ್ಧತಿಯಿಂದ ಹೊರಬಂದ 3,000 ಮಹಿಳೆಯರು ತಲಾ ಒಂದೊಂದು ಹೊಲಿಗೆ ಹಾಕಿ ಅದನ್ನು ಅವರಿಗೆ ಕೊಟ್ಟಿದ್ದರು. ಆ ಹೊದಿಕೆಗೆ ಪೇಟೆಯಲ್ಲಿ ಎಷ್ಟು ಬೆಲೆ ಬರುತ್ತದೆಂದು ಯಾರು ಕೇಳಿಯಾರು?

ಆದರೆ ಕೌದಿ ಹೊಲಿದೇ ನಾಲ್ಕು ಕಾಸು ಕಾಣುವ ತಾಯಂದಿರ ಮುಂದೆ ನಾವು ಬೆಲೆಯನ್ನೇ ಕೇಳುತ್ತೇವೆ, ಕೇಳಿ ಜಗ್ಗಾಡುತ್ತೇವೆ. ಪೇಟೆಯ ರಗ್ಗು ಇದಕ್ಕಿಂತ ಅಗ್ಗ ಎನ್ನುತ್ತೇವೆ. ಬಟ್ಟೆ ನಮ್ಮದೇ ತಾನೆ, ಬರೀ ಹೊಲಿಯುವುದಕ್ಕೆ ಇಷ್ಟೇಕೆ ಎನ್ನುತ್ತೇವೆ. ಆ 'ಬರೀ ಹೊಲಿಗೆ'ಯೇ ಕೌದಿ. ಹೊಲಿಯಲು ಬಾರದವರು, ಪುರುಸೊತ್ತಿಲ್ಲದವರು ಬೇರೆಯವರಿಂದ ಹೊಲಿಸಿ ಕಾಣಿಕೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ದಿನದ ಕೆಲಸವೆಂದು ಮೊದಲೇ ಕೇಳಿ, ನಿಮ್ಮ ಊರಿನ ದಿನಗೂಲಿಗೆ ಕಡಿಮೆಯಾಗದಂತೆ ಲೆಕ್ಕ ಹಾಕಿ, ಕ್ರಿಸ್ಮಸ್ಸಿಗೆ ಮುಂಚೆಯೇ ಹಣ ಕೊಡಿ. ಒಬ್ಬಳ ಕೂಲಿ ಮುರಿದು ಇನ್ನೊಬ್ಬರಿಗೆ ಕೊಟ್ಟ ಕಾಣಿಕೆ ನಮ್ಮದಾಗುವುದಿಲ್ಲ.

ಕುಟುಂಬದಲ್ಲಿ ಮಾತನಾಡಲು

1. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾರ ಯಾರ ಸೀರೆಗಳಿವೆ? ಅವುಗಳ ಕಥೆ ಮಕ್ಕಳಿಗೆ ಗೊತ್ತಿದೆಯೇ?
2. ನಾವು ಬೇರೆಯವರಿಗೆ ಕೊಡುವ ಹಳೆಯ ವಸ್ತುಗಳನ್ನು ನಮಗೇ ಯಾರಾದರೂ ಕೊಟ್ಟರೆ ಸಂತೋಷದಿಂದ ಸ್ವೀಕರಿಸುವೆವೇ?
3. ಗಂಡುಮಕ್ಕಳಿಗೂ ಸೂಜಿ ಹಿಡಿಯಲು ಕಲಿಸಿದ್ದೇವೆಯೇ? ಈ ಹಾಸಿನಲ್ಲಿ ಮನೆಯ ಪ್ರತಿಯೊಬ್ಬರೂ ಒಂದೊಂದು ಸಾಲು ಹೊಲಿಯಬಹುದೇ?
4. ನಮ್ಮ ಊರಿನಲ್ಲಿ ಕೌದಿ ಹೊಲಿಯುವ ತಾಯಿ ಯಾರು? ಈ ವರ್ಷ ಅವರ ಮನೆಗೆ ಕಾಣಿಕೆ ಒಯ್ಯುವವರು ಯಾರು?